ಮಾತ್ರೆ ಪೊಟ್ಟಣದ ಮೇಲೆ ಕುರಿ ಬರೆಯುತ್ತಿದ್ದ ಅಕ್ಕ

ಮೊಮ್ಮಗಳು ಹುಟ್ಟಿದ ಮೇಲೆ ನನ್ನ ಬಾಯಿಗೆ ಬಿಡುವಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ ಹೇಳುತ್ತೇನೆ, ಟೀ ಅಂಗಡಿಯವನಿಗೆ ಹೇಳುತ್ತೇನೆ, ಯಾರೂ ಸಿಗದಿದ್ದರೆ ಕುರಿಗಳಿಗೆ ಹೇಳುತ್ತೇನೆ. ಕೂಸಿನ ಮೂಗು ನಮ್ಮವ್ವನ ಮೂಗು, ಹಣೆ ನನ್ನದು. ಕಿವಿ ಮಾತ್ರ ಹೊಳಲ್ಕೆರೆಯ ಅಳಿಯನ ಕಡೆಯದು, ಅದಕ್ಕೆ ಏನೂ ಮಾಡಲಾಗುವುದಿಲ್ಲ. ಮಗಳು ಮದುವೆಯಾಗಿ ಎಷ್ಟೋ ವರ್ಷ ಕಾದ ಮೇಲೆ ಬಂದ ಕೂಸು ಇದು. ಅದು ಆಕಳಿಸಿದರೂ ನಮ್ಮ ಮನೆಯಲ್ಲಿ ಸುದ್ದಿ.

ಆದರೆ ಈಗ ಕೂತು ಬರೆಯುತ್ತಿರುವುದು ಕೂಸಿನ ಬಗ್ಗೆ ಅಲ್ಲ. ಆ ಕೂಸನ್ನು ನಾನು ಎತ್ತಿಕೊಳ್ಳುವ ಹಾಗೆ ಮಾಡಿದ ಒಬ್ಬ ಹೆಣ್ಣುಮಗಳ ಬಗ್ಗೆ. ಹೊಸದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವರ ಔಷಧಿ ಅಂಗಡಿ ಇತ್ತು. ಹೋದ ತಿಂಗಳು ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಹಿರಿಯೂರಿನಲ್ಲಿರುವ ತಂಗಿಯ ಮನೆಗೆ ಹೋದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರೇ. ಆದರೂ ಮುದುಕರು, ಹುಡುಗರು, ಪೊಲೀಸಿನವರು ಎಲ್ಲರೂ ಅವರನ್ನು ಕರೆಯುತ್ತಿದ್ದುದು ಮೆಡಿಕಲ್ ಅಕ್ಕ ಎಂದೇ. ನಾನೂ ಹಾಗೆಯೇ ಕರೆಯುತ್ತೇನೆ.

ಎತ್ತರದ ಆಳು, ಕನ್ನಡಕ ಯಾವಾಗಲೂ ಹಣೆಯ ಮೇಲೆ. ಯಾರಾದರೂ ಚೀಟಿ ಕೊಟ್ಟರೆ ಕನ್ನಡಕ ಕೆಳಗಿಳಿಯುತ್ತಿತ್ತು. ಯಾರಾದರೂ ಮಾತು ಶುರು ಮಾಡಿದರೆ ಮತ್ತೆ ಮೇಲೆ ಹೋಗುತ್ತಿತ್ತು. ಗಾಜಿನ ಮೇಜಿನ ಮೇಲೆ ಎರಡೂ ಅಂಗೈ ಊರಿ, “ಹೇಳ್ರಿ, ಕೇಳಾಣ” ಎನ್ನುತ್ತಿದ್ದರು. ಅವರು ಹಾಗೆಂದರೆ ಕೇಳಿಯೇ ಕೇಳುತ್ತಾರೆ ಎಂದು ಅರ್ಥ. ಹಿಂದೆ ನಿಂತವರು ಬೇಕಾದರೆ ಬಸ್ಸು ತಪ್ಪಿಸಿಕೊಳ್ಳಲಿ.

ಅಂಗಡಿಯ ಮೂಲೆಯಲ್ಲಿ ಒಂದು ಫ್ರಿಜ್ ಇತ್ತು. ಇನ್ಸುಲಿನ್ನು, ಲಸಿಕೆ ಇಡುವುದಕ್ಕೆ. ಬೇಸಿಗೆಯಲ್ಲಿ ಬೀದಿಯವರ ಕಣ್ಣೆಲ್ಲ ಅದರ ಮೇಲೆ. ಒಂದು ಸಲ ಬಸ್ ಕಂಡಕ್ಟರ್ ಒಬ್ಬ ನೀರಿನ ಬಾಟಲಿ ಹಿಡಿದು ಬಂದ.

“ಅಕ್ಕಾ, ಒಂದು ಗಂಟೆ ಇಟ್ಟಿರಿ, ವಾಪಸ್ ಬರ್ತಾ ತಗಂತಿನಿ.”

“ಆಗಲ್ಲಪ್ಪ. ಅದು ಲಸಿಕೆ ಮನೆ.”

“ಒಂದೇ ಬಾಟಲಿ ಅಕ್ಕಾ. ಮೂಲೇಲಿ ಇರ್ತೈತೆ.”

“ನಿನ್ನ ಬಸ್ಸಲ್ಲಿ ನಿಂತ್ಕಂಡು ಬರೋರೂ ಹಂಗೇ ಅಂತಾರೆ. ಆಮೇಲೆ ಬಾಗ್ಲು ಹಾಕಕ್ಕಾಗ್ತೈತಾ?”

ಕಂಡಕ್ಟರ್ ನಗುತ್ತಲೇ ಹೋದ. ಅಕ್ಕ ಮಾತ್ರ ನಗಲಿಲ್ಲ. ಆ ಫ್ರಿಜ್ಜಿನ ಬಾಗಿಲನ್ನು ಸುಮ್ಮನೆ ತೆಗೆದು ಮುಚ್ಚುವುದನ್ನೂ ಅವರು ಸಹಿಸುತ್ತಿರಲಿಲ್ಲ.

ನನಗೆ ಅವರ ಪರಿಚಯವಾದದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರು ಎರಡು ಥರದ ಮಾತ್ರೆ ಬರೆದಿದ್ದರು. ಒಂದು ಊಟಕ್ಕೆ ಮೊದಲು, ಒಂದು ಊಟದ ಮೇಲೆ. ನಾನು ಅದನ್ನು ಇದಕ್ಕೆ, ಇದನ್ನು ಅದಕ್ಕೆ ಮಾಡಿಕೊಂಡು ಒಂದು ಬೆಳಿಗ್ಗೆ ಕುರಿ ಕಾಯುವಲ್ಲಿ ತಲೆ ಸುತ್ತಿ ಕೂತುಬಿಟ್ಟೆ. ಮಾರನೆಯ ದಿನ ಅಂಗಡಿಗೆ ಹೋಗಿ ಹೇಳಿದೆ. ಕನ್ನಡಕ ಹಣೆಗೆ ಹೋಯಿತು.

“ಯಜಮಾನ್ರೆ, ನಿಮ್ಮ ಕಸುಬು ಏನು?”

“ಕುರಿ.”

ಅಕ್ಕ ಪೆನ್ನು ತೆಗೆದು ಒಂದು ಪೊಟ್ಟಣದ ಮೇಲೆ ಏನೋ ಗೀಚಿದರು, ಇನ್ನೊಂದರ ಮೇಲೂ ಗೀಚಿದರು. ನೋಡಿದರೆ ಒಂದರಲ್ಲಿ ಪಕ್ಕೆ ಎಲುಬು ಕಾಣುವ ಪ್ರಾಣಿ, ಇನ್ನೊಂದರಲ್ಲಿ ಹೊಟ್ಟೆ ಗುಡಾಣದಂತಿರುವ ಪ್ರಾಣಿ.

“ಇದು ಮೇಯಕ್ಕೆ ಹೋಗೋ ಕುರಿ. ಈ ಪೊಟ್ಟಣದ್ದು ಊಟಕ್ಕೆ ಮುಂಚೆ. ಇದು ಮೇದು ಬಂದ ಕುರಿ. ಇದರದ್ದು ಊಟ ಆದ್ಮೇಲೆ. ತಿಳೀತಾ?”

“ತಿಳೀತು ಅಕ್ಕಾ. ಆದ್ರೆ ಇದು ಕುರಿ ಅಲ್ಲ, ಹಂದಿ.”

“ಬಾಲ ಸಣ್ಣದಾಯ್ತಾ?”

“ಬಾಲ ಬಿಡ್ರಿ, ಮೂತಿ ನೋಡ್ರಿ.”

ಅವರು ಪೊಟ್ಟಣವನ್ನು ನನ್ನ ಕಡೆ ತಳ್ಳಿ ಪೆನ್ನು ಕೊಟ್ಟರು. ನಾನು ಮೂತಿ ತಿದ್ದಿ, ಕಿವಿ ಜೋತುಬೀಳಿಸಿ ಕೊಟ್ಟೆ. ಅಲ್ಲಿಂದಾಚೆಗೆ ನಮ್ಮ ಕಡೆಯಿಂದ ಹೋದ ಎಲ್ಲ ಕುರಿಯವರಿಗೂ ಪೊಟ್ಟಣದ ಮೇಲೆ ಕುರಿಯೇ. ವರ್ಷ ಕಳೆದಂತೆ ಅವರ ಕುರಿ ಸುಧಾರಿಸಿತು, ಆದರೆ ಕಾಲು ಕೊನೆಯ ತನಕ ಮೇಜಿನ ಕಾಲೇ.

ಸಕ್ಕರೆ ಕಾಯಿಲೆಯವರು ಯಾರೇ ಬರಲಿ, ಮಾತ್ರೆ ಕೊಟ್ಟ ಮೇಲೆ ಅಕ್ಕ ಒಂದು ಮಾತು ಕೇಳುತ್ತಿದ್ದರು. “ಲಸಿಕೆ ಹಾಕಿಸ್ಕಂಡ್ರಾ?” ವರ್ಷಕ್ಕೊಂದು ಸಲ ಹಾಕಿಸುವ ಫ್ಲೂ ಜ್ವರದ್ದು ಒಂದು, ನ್ಯುಮೋನಿಯಾದ್ದು ಒಂದು. ಸಕ್ಕರೆ ಇರುವವರಿಗೆ ಇಂಥ ಕಾಯಿಲೆ ಬಂದರೆ ಬಿಗಿಯಾಗಿ ಹಿಡಿಯುತ್ತದೆ, ಬೇಗ ಬಿಡುವುದಿಲ್ಲ ಎಂದು ಬಿಡಿಸಿ ಹೇಳುತ್ತಿದ್ದರು. ಅವರು ತಾವೇ ಚುಚ್ಚುತ್ತಿರಲಿಲ್ಲ. ಅದು ಪಕ್ಕದ ಬೀದಿಯ ಡಾಕ್ಟರ ಕೆಲಸ. ಬೇಡ ಎಂದವರ ಮೇಲೆ ಸಿಟ್ಟಾಗುತ್ತಿರಲಿಲ್ಲ. “ಇವತ್ತು ಬ್ಯಾಡ ಅಂದ್ರೆ ಬ್ಯಾಡ. ಮುಂದಿನ ಸಲ ಕೇಳ್ತಿನಿ” ಅಷ್ಟೇ. ಮುಂದಿನ ಸಲ ಕೇಳುತ್ತಿದ್ದರು. ಅದರ ಮುಂದಿನ ಸಲವೂ. ಟೀ ಅಂಗಡಿಯಲ್ಲಿ ಯಾರಾದರೂ ಇನ್ನೊಂದು ಟೀ ಬೇಡ ಎಂದರೆ, ಟೀ ಮಾಡುವವನು ಅಕ್ಕನ ಧಾಟಿಯಲ್ಲೇ ಈ ಮಾತು ಹೇಳಿ ನಗಿಸುತ್ತಿದ್ದ.

ಅಕ್ಕ ಎಡವಿದ್ದೂ ಉಂಟು. ಬೀದಿಯ ತುದಿಯಲ್ಲಿ ಒಬ್ಬ ತೆಂಗಿನಕಾಯಿ ಸಾವ್ಕಾರರಿದ್ದಾರೆ. ದೊಡ್ಡ ಮನುಷ್ಯರು, ಸಿರಿಗೆರೆ ಮಠಕ್ಕೆ ನಡೆದುಕೊಳ್ಳುವವರು. ತಮಗೆ ಸಕ್ಕರೆ ಇರುವುದನ್ನು ಮನೆಯವರಿಗೂ ಹೇಳಿರಲಿಲ್ಲ. ಹೇಳಿದರೆ ಹೋಳಿಗೆ ನಿಲ್ಲುತ್ತದಲ್ಲ. ಒಂದು ಸಂಜೆ ಅಂಗಡಿ ತುಂಬ ಜನ ಇದ್ದಾಗ ಅಕ್ಕ ಎಲ್ಲರಿಗೂ ಕೇಳುವ ಹಾಗೆ, “ಸಾವ್ಕಾರ್ರೆ, ಶುಗರ್ ಇರೋರು ಲಸಿಕೆ ಹಾಕಿಸ್ಕಬೇಕು” ಎಂದುಬಿಟ್ಟರು. ಜನರಲ್ಲಿ ಸಾವ್ಕಾರರ ಬೀಗರೂ ಇದ್ದರು. ಸಾವ್ಕಾರರು ಮಾತ್ರೆಯನ್ನೂ ತೆಗೆದುಕೊಳ್ಳದೆ ಹೊರಟುಹೋದರು. ಮತ್ತೆ ಅಂಗಡಿಯ ಕಡೆ ಕಾಲಿಡಲಿಲ್ಲ.

ಅಕ್ಕ ಸಮಾಧಾನ ಹೇಳಲು ಹೋಗಲಿಲ್ಲ. ದಿನಾ ಸಂಜೆ ಸಾವ್ಕಾರರ ಅಂಗಡಿಗೆ ಹೋಗಿ ಒಂದು ತೆಂಗಿನಕಾಯಿ ಕೊಂಡು ಬರುತ್ತಿದ್ದರು. ಲಸಿಕೆಯ ಮಾತಿಲ್ಲ, ಸಕ್ಕರೆಯ ಮಾತಿಲ್ಲ. ಕಾಯಿ ಚೆನ್ನಾಗಿತ್ತು, ಇಲ್ಲವೇ ನೀರು ಕಡಿಮೆ ಇತ್ತು, ಅಷ್ಟೇ ಮಾತು. ಔಷಧಿ ಅಂಗಡಿಯಲ್ಲಿ ಮಾತ್ರೆ ಡಬ್ಬಗಳ ಪಕ್ಕ ತೆಂಗಿನಕಾಯಿ ರಾಶಿ ಬಿತ್ತು. ಕೆಮ್ಮಿನ ಔಷಧಿಗೆ ಹೋದವರ ಕೈಗೂ ಒಂದು ಕಾಯಿ ಕೊಟ್ಟು ಕಳಿಸುತ್ತಿದ್ದರು. ನಮ್ಮ ಮನೆಗೇ ಮೂರೋ ನಾಲ್ಕೋ ಬಂದವು.

ಕೊನೆಗೆ ಸಾವ್ಕಾರರೇ ಸೋತರು. “ಏನಮ್ಮ, ದಿನಾ ಕಾಯಿ ತಗಂಡು ಏನ್ ಮಾಡ್ತೀರಾ?” ಎಂದು ಕೇಳಿದರಂತೆ.

“ನಿಮ್ಮನ್ನ ನೋಡಕ್ಕೆ ಬೇರೆ ನೆಪ ಇಲ್ವಲ್ಲ ಸಾವ್ಕಾರ್ರೆ.”

ಸಾವ್ಕಾರರು ಆ ವಾರವೇ ಡಾಕ್ಟರ ಬಳಿ ಹೋಗಿ ಹಾಕಿಸಿಕೊಂಡರು. ಅಂದಿನಿಂದ ಅಕ್ಕ ಲಸಿಕೆಯ ಮಾತನ್ನು ಯಾರಿಗೇ ಆಗಲಿ, ಮೇಜಿನ ಮೇಲೆ ಬಗ್ಗಿ ಮೆಲ್ಲಗೆ ಕೇಳಲು ಕಲಿತರು.

ನನ್ನನ್ನೂ ಹಾಗೆ ಕೇಳಿಕೊಂಡೇ ಬಂದರು. ನಾನು ಬೇಡ ಎಂದುಕೊಂಡೇ ಬಂದೆ. ಯಾಕೆ ಎಂದು ಹೇಳುತ್ತಿರಲಿಲ್ಲ. ನನಗೆ ಅದು ಎಲ್ಲರಿಗೂ ಗೊತ್ತಿರುವ ಸಂಗತಿ, ಹೇಳಬೇಕಾದದ್ದೇ ಇಲ್ಲ ಎನಿಸಿತ್ತು.

ಹೋದ ವರ್ಷ ಚಳಿಗಾಲದಲ್ಲಿ ನನಗೆ ಕೆಮ್ಮು ಹಿಡಿಯಿತು. ಮೊದಲು ಕೆಮ್ಮು, ಆಮೇಲೆ ಜ್ವರ, ಆಮೇಲೆ ಉಸಿರು ಮೇಲೆ ಬರುವುದೇ ಕಷ್ಟ. ಚಿತ್ರದುರ್ಗದ ಆಸ್ಪತ್ರೆಗೆ ಹಾಕಿದರು. ನ್ಯುಮೋನಿಯಾ ಎಂದರು, ಸಕ್ಕರೆ ಬೇರೆ ಏರಿ ಕೂತಿತ್ತು. ಮೂಗಿಗೆ ಗಾಳಿಯ ಕೊಳವೆ ಹಾಕಿಕೊಂಡು ಮಲಗಿದ್ದಾಗ ನಮ್ಮಾಕೆ ಮೂಲೆಯಲ್ಲಿ ಕೂತು ಅಳುವುದನ್ನು ನೋಡಿದ್ದೇನೆ. ಅವಳು ಅಳುವ ಹೆಂಗಸಲ್ಲ. ಹೇಗೋ ಬದುಕಿ ಬಂದೆ.

ಅದಾದ ಮೇಲೆ, ಬೇಸಿಗೆ ಹೊತ್ತಿಗೆ, ಹೊಳಲ್ಕೆರೆಯಿಂದ ಮಗಳ ಫೋನು. ಬಸುರಿ. ಬಾಣಂತನಕ್ಕೆ ನಮ್ಮ ಮನೆಗೆ. ಹೆರಿಗೆ ಸರಿಯಾಗಿ ಚಳಿಗಾಲಕ್ಕೇ ಬರುತ್ತಿತ್ತು. ಫೋನಿಟ್ಟ ಗಳಿಗೆಯಲ್ಲೇ ನಮ್ಮಾಕೆ ಕಾನೂನು ಮಾಡಿದಳು.

“ನೋಡ್ರಿ, ಈ ಸಲ ಕೆಮ್ಮು ಬಂತೋ, ಬಾಣಂತಿ ಕೋಣೆ ಕಡೆ ತಲೆ ಹಾಕಂಗಿಲ್ಲ. ಕುರಿ ರೊಪ್ಪದಾಗೆ ಮಲಿಕ್ಕಳ್ರಿ.”

“ನನ್ನ ಮೊಮ್ಮಗು ಕಣೇ.”

“ಅದಕ್ಕೇ ಹೇಳ್ತಿರೋದು.”

ಅವಳು ಹೇಳಿದ್ದು ಕೋಣೆಯ ಮಾತು. ನನಗೆ ಕೇಳಿಸಿದ್ದು ಬೇರೆ. ಇನ್ನೊಂದು ಸಲ ಆ ಕೆಮ್ಮು ಬಂದರೆ ಕೋಣೆಯ ಹೊರಗೆ ನಿಲ್ಲುವುದಕ್ಕಾದರೂ ನಾನು ಇರುತ್ತೇನೋ ಇಲ್ಲವೋ. ಇಷ್ಟು ವರ್ಷ ಕಾದು, ಕೂಸಿನ ಮುಖ ನೋಡದೆ ಹೋಗುವುದೇ?

ಮಳೆಗಾಲ ಶುರುವಾಗುವ ಮೊದಲು ಮಾತ್ರೆಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಕನ್ನಡಕ ಹಣೆಗೆ ಹೋಯಿತು.

“ಹಂಗಾರೆ ಈಗ್ಲಾದ್ರೂ ಹಾಕಿಸ್ಕಳ್ರಿ ಯಜಮಾನ್ರೆ.”

“ಬ್ಯಾಡ ಅಕ್ಕಾ.”

“ವರ್ಷಾ ವರ್ಷ ಕುರಿಗೆ ಲಸಿಕೆ ಹಾಕಿಸ್ತೀರಲ್ಲ, ನೀವು ಕುರಿಗಿಂತ ಕಡೇನಾ?”

“ಕುರಿಗೆ ಹಾಕಿಸ್ತಿನಿ. ಅದಕ್ಕೇ ನಂಗೆ ಬ್ಯಾಡ ಅನ್ನೋದು.”

ಅಕ್ಕ ಅಂಗೈ ಊರಿ ನಿಂತರು. “ಹೇಳ್ರಿ, ಕೇಳಾಣ.”

ಆಗ ಹೇಳಿದೆ. ಪಶು ಡಾಕ್ಟರು ಮಂದೆಗೆ ಲಸಿಕೆ ಹಾಕಲು ಬಂದಾಗ ಮೊದಲು ಹೇಳುವುದೇ, ಕಾಯಿಲೆ ಕುರಿ ಬೇರೆ ಮಾಡ್ರಿ ಅಂತ. ಹುಷಾರಿರುವ ಕುರಿಗೆ ಮಾತ್ರ ಲಸಿಕೆ. ಕಾಯಿಲೆ ಕುರಿಗೆ ಹಾಕಿದರೆ ಅದರ ಮೈ ತಾಳುವುದಿಲ್ಲ. ನಮ್ಮಪ್ಪನ ಕಾಲದಿಂದ ನಾವು ನೋಡಿಕೊಂಡು ಬಂದದ್ದು. ನಾನು ಸಕ್ಕರೆ ಕಾಯಿಲೆಯವನು. ಅಂದರೆ ಕಾಯಿಲೆ ಕುರಿ. ಲಸಿಕೆ ಹುಷಾರಿರುವವರು ಹಾಕಿಸಿಕೊಳ್ಳಲಿ.

ಅಕ್ಕ ನನ್ನ ಮಾತ್ರೆ ಪೊಟ್ಟಣಗಳನ್ನು ಪಕ್ಕಕ್ಕೆ ಸರಿಸಿದರು. ನಂತರ ಅಂದರು, “ಇಷ್ಟು ದಿನ ನಾನು ಏನೇನೋ ಹೇಳ್ತಿದ್ದೆ. ನೀವು ಸೂಜಿಗೆ ಹೆದರ್ತೀರಾ ಅಂತ ಮಾಡಿದ್ದೆ.”

“ಸೂಜಿಗೆ ಯಾಕೆ ಹೆದರಲಿ?”

“ನಿಮ್ಮ ಮಂದೆಗೆ ಈ ಸಲ ಯಾವಾಗ ಹಾಕಿಸ್ತೀರಾ?”

“ಬರೋ ಭಾನುವಾರ.”

“ನಾನೂ ಬರ್ತಿನಿ. ಒಂದ್ಸಲಾನೂ ನೋಡಿಲ್ಲ.”

ತಮಾಷೆಗೆ ಹೇಳಿದರು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ನಮ್ಮೂರಿನ ಬಸ್ಸಿನಿಂದ ಇಳಿದೇಬಿಟ್ಟರು, ಕೈಯಲ್ಲಿ ನಮ್ಮಾಕೆಗೆ ಒಂದು ತೆಂಗಿನಕಾಯಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ರೊಪ್ಪದ ಬೇಲಿಯ ಒಳಗೆ ಬಂದು ನಿಂತರು. ನನ್ನ ತಮ್ಮ ಒಂದೊಂದೇ ಕುರಿಯನ್ನು ಹಿಡಿದು ಮೊಣಕಾಲ ಮಧ್ಯೆ ಅಮುಕಿಕೊಳ್ಳುತ್ತಿದ್ದ, ಡಾಕ್ಟರು ಚುಚ್ಚುತ್ತಿದ್ದರು, ನಾನು ಬೆನ್ನಿಗೆ ಕೆಂಪು ಬಣ್ಣ ಬಳಿದು ಬಿಡುತ್ತಿದ್ದೆ. ಬಣ್ಣ ಇದ್ದರೆ ಆಗಿದೆ, ಇಲ್ಲದಿದ್ದರೆ ಆಗಿಲ್ಲ ಎಂದು ಗುರುತು. ಒಂದು ಟಗರು ಅಕ್ಕನ ಕಾಲಿಗೆ ಗುದ್ದಿತು. ಅವರು, “ಇದಕ್ಕೆ ಹುಷಾರೈತೆ, ಹಾಕ್ರಿ” ಎಂದರು.

ತಮ್ಮ ಸುಮ್ಮನಿರುವವನಲ್ಲ. “ಅಕ್ಕಾರೆ, ಇವನ್ನ ಮುಗಿಸಿ ನಮ್ಮಣ್ಣನ ಕಾಲನ್ನೂ ನಾನೇ ಹಿಡ್ಕಂತಿನಿ. ಡಾಕ್ಟ್ರು ಇಲ್ಲೇ ಅವರೆ.”

“ಲೇ, ಕೆಲಸ ನೋಡು” ಎಂದೆ.

ಬೇಲಿಯ ಆಚೆ ಒಂದು ಕುರಿಯನ್ನು ಬೇರೆ ಕಟ್ಟಿದ್ದೆ. ಅಕ್ಕ ಅದನ್ನು ನೋಡಿ ಯಾಕೆ ಎಂದು ಕೇಳಿದರು. ಎರಡು ದಿನದಿಂದ ಮೈ ಸುಡುತ್ತಿದೆ, ಮೇವು ಮುಟ್ಟಿಲ್ಲ, ಜ್ವರ ಬಿಟ್ಟ ಮೇಲೆ ಹಾಕಿಸುತ್ತೇನೆ ಎಂದೆ. ತಲೆಯಾಡಿಸಿದರು. ಅಷ್ಟರಲ್ಲಿ ತಮ್ಮ ಇನ್ನೊಂದು ಕುರಿಯನ್ನು ಎಳೆದು ತಂದ. ಅದು ನಮ್ಮ ಕುಂಟಿ, ಮರಿಯಿದ್ದಾಗಲೇ ಮುಂಗಾಲು ಸೊಟ್ಟಗಾದದ್ದು. ಡಾಕ್ಟರು ಚುಚ್ಚಿದರು, ನಾನು ಬಣ್ಣ ಬಳಿದೆ.

“ಯಜಮಾನ್ರೆ, ಇದು ಕಾಯಿಲೆ ಕುರಿ ಅಲ್ವಾ?” ಅಕ್ಕ ಕೇಳಿದರು.

“ಇದಕ್ಕೇನು ಕಾಯಿಲೆ? ಕುಂಟು ಅಷ್ಟೇ.”

“ಕಾಲು ಯಾವಾಗ ಸರಿ ಹೋಗ್ತೈತೆ?”

“ಅದು ಸರಿ ಹೋಗಲ್ಲ. ಅದರ ಜೊತೆಗೇ ಬದುಕ್ತೈತೆ.”

“ಹಂಗಾರೆ ಇದಕ್ಕೆ ಲಸಿಕೆ ಯಾಕೆ? ಹೆಂಗೂ ಕುಂಟು.”

ನನಗೆ ಸ್ವಲ್ಪ ಸಿಟ್ಟೇ ಬಂತು. “ಏನಕ್ಕಾ ಹಂಗಂತೀರಾ? ಇದಕ್ಕೇ ಮೊದಲು ಹಾಕಿಸ್ಬೇಕು. ಉಳಿದವು ಓಡ್ತವೆ, ಒಳ್ಳೆ ಮೇವು ತಿಂತವೆ. ಇದು ಹಿಂದೆ ಬೀಳ್ತೈತೆ. ಮಂದೆಗೆ ಬೇನೆ ಬಂದ್ರೆ ಮೊದಲು ಹಿಡಿಯೋದು ಇದನ್ನೇ.”

ಅಕ್ಕ ಕನ್ನಡಕವನ್ನು ಹಣೆಯಿಂದ ಇಳಿಸಿ ನನ್ನನ್ನು ನೋಡಿದರು. ನಂತರ ಬೇರೆ ಕಟ್ಟಿದ್ದ ಜ್ವರದ ಕುರಿಯ ಕಡೆ ನೋಡಿದರು, ಕುಂಟಿಯ ಕಡೆ ನೋಡಿದರು. ಮೆಲ್ಲಗೆ ಕೇಳಿದರು.

“ನಿಮ್ಮ ಸಕ್ಕರೆ ಇದರಾಗೆ ಯಾವುದು ಯಜಮಾನ್ರೆ? ಜ್ವರಾನಾ, ಕುಂಟಾ?”

ಕೈಯಲ್ಲಿ ಬಣ್ಣದ ಡಬ್ಬ ಹಿಡಿದು ನಿಂತೇ ಇದ್ದೆ. ಸಕ್ಕರೆ ಬಂದು ಎಷ್ಟು ವರ್ಷವಾಯಿತು. ಬಿಟ್ಟು ಹೋಗಲಿಲ್ಲ, ಹೋಗುವುದೂ ಇಲ್ಲ. ಅದರ ಜೊತೆಗೇ ಉಣ್ಣುತ್ತೇನೆ, ನಡೆಯುತ್ತೇನೆ, ಕುರಿ ಕಾಯುತ್ತೇನೆ. ಹೋದ ಚಳಿಗಾಲದ ಕೆಮ್ಮು ಊರಿಗೆಲ್ಲ ಬಂದಿತ್ತು, ಗಾಳಿಯ ಕೊಳವೆ ಬಂದದ್ದು ನನ್ನ ಮೂಗಿಗೆ ಮಾತ್ರ.

ತಮ್ಮ ನಗುತ್ತಿದ್ದ. ಪಶು ಡಾಕ್ಟರೂ ಮುಖ ತಿರುಗಿಸಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

“ಯಾವಾಗ ಬರಲಿ?” ಎಂದು ಕೇಳಿದೆ.

“ಈಗ ಜ್ವರ ಇಲ್ವಲ್ಲ. ನಾಳೆ ಬರ್ರಿ.”

ಮಾರನೆಯ ದಿನ ಹೋದೆ. ಅಕ್ಕ ಫ್ರಿಜ್ಜಿನಿಂದ ಎರಡೂ ಲಸಿಕೆ ತೆಗೆದು ಮಂಜುಗಡ್ಡೆಯ ಡಬ್ಬದಲ್ಲಿಟ್ಟು, ಅಂಗಡಿ ಬಾಗಿಲು ಅರ್ಧ ಎಳೆದು ನನ್ನ ಜೊತೆಗೇ ಡಾಕ್ಟರ ಬಳಿಗೆ ಬಂದರು. ದಾರಿಯಲ್ಲಿ ಒಂದು ಮಾತು ಹೇಳಿದರು, ಅದನ್ನು ನಾನು ಮರೆತಿಲ್ಲ. “ನೋಡ್ರಿ, ಇದನ್ನ ಹಾಕಿಸ್ಕಂಡ್ರೆ ಕೆಮ್ಮೇ ಬರಲ್ಲ ಅಂತ ನಾನು ಹೇಳಲ್ಲ. ಬಂದ್ರೂ ಆಸ್ಪತ್ರೆ ಮಂಚಕ್ಕೆ ಹೋಗೋದು ತಪ್ಪಲಿ ಅಂತ. ಸುಳ್ಳು ಹೇಳಿ ಹಾಕಿಸಿದ್ರೆ ಮುಂದಿನ ವರ್ಷ ನೀವು ಬರಲ್ಲ.”

ಡಾಕ್ಟರು ಮೈ ಮುಟ್ಟಿ ನೋಡಿ, ಎದೆಗೆ ಕೊಳವೆಯಿಟ್ಟು ಕೇಳಿ, ಎರಡು ತೋಳಿಗೂ ಒಂದೊಂದು ಚುಚ್ಚಿದರು. ಕುರಿಯ ಸೂಜಿ ನೋಡಿದವನಿಗೆ ಅದು ಇರುವೆ ಕಚ್ಚಿದಂತೆ. “ಬಣ್ಣ?” ಎಂದು ಕೇಳಿದೆ. ಡಾಕ್ಟರು ಪಿಳಿಪಿಳಿ ನೋಡಿದರು. ಅಕ್ಕ ಮಾತ್ರ ನಗುತ್ತಾ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದು ನನ್ನ ಮುಂಗೈ ಮೇಲೆ ಒಂದು ಗೀಟು ಎಳೆದರು. ಮನೆಯಲ್ಲಿ ನಮ್ಮಾಕೆ ಕೇಳಿದಾಗ, ನನ್ನದೂ ಆಯಿತು ಎಂದು ಗೀಟು ತೋರಿಸಿದೆ. ನೀನೂ ಹಾಕಿಸಿಕೊ ಎಂದೆ. “ನಂಗೇನು ರೋಗ?” ಎಂದು ಒಳಗೆ ಹೋದಳು.

ಚಳಿಗಾಲ ಬಂತು. ಮಗಳು ಬಂದಳು. ಹೊಸದುರ್ಗದ ಆಸ್ಪತ್ರೆಯಲ್ಲಿ ಹೆರಿಗೆಯಾಗಿ ತಾಯಿ ಕೂಸು ಮನೆಗೆ ಬಂದ ಕೆಲವೇ ದಿನಕ್ಕೆ ನಮ್ಮೂರಿಗೆ ಕೆಮ್ಮು ಬಂತು. ತಮ್ಮನ ಮನೆಯಲ್ಲಿ ಎಲ್ಲರೂ ಮಲಗಿದರು. ನನಗೂ ಒಂದು ದಿನ ಗಂಟಲು ಕೆರೆಯಿತು. ಯಾರೂ ಹೇಳುವ ಮೊದಲೇ ಕಂಬಳಿ ಎತ್ತಿಕೊಂಡು ರೊಪ್ಪಕ್ಕೆ ಹೋಗಿ ಮಲಗಿದೆ. ಉಸಿರು ಮೇಲೆ ಬರುತ್ತದೋ ಇಲ್ಲವೋ ಎಂದು ಎಣಿಸುತ್ತಾ ಇದ್ದೆ. ಜ್ವರ ಬರಲಿಲ್ಲ, ಕೆರೆತವೂ ತಾನಾಗಿ ಹೋಯಿತು. ಗಂಟಲು ಪೂರಾ ತಿಳಿಯಾದ ಮೇಲೂ ಒಂದೆರಡು ದಿನ ತಡೆದು ಮನೆಗೆ ಬಂದೆ. ಲಸಿಕೆಯಿಂದಲೋ, ನನ್ನ ಪುಣ್ಯದಿಂದಲೋ, ಅದನ್ನು ಹೇಳುವಷ್ಟು ನನಗೆ ತಿಳಿಯದು. ಬಂದು ನೋಡಿದರೆ ಕೋಣೆಯ ಹೊರಗೆ, ನಡುಮನೆಯ ತುದಿಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ನಮ್ಮಾಕೆ ಕೆಮ್ಮುತ್ತಾ ಮಲಗಿದ್ದಾಳೆ.

“ರೊಪ್ಪ ಖಾಲಿ ಐತೆ ಕಣೇ” ಎಂದೆ.

“ಬಾಯಿ ಮುಚ್ಕಂಡು ಕೈ ತೊಳ್ಕಳ್ರಿ” ಎಂದಳು. “ಕೂಸನ್ನ ಎತ್ಕಳಕ್ಕೆ ಯಾರೂ ಇಲ್ಲ. ಮಗಳಿಗೆ ಎರಡು ದಿನದಿಂದ ನಿದ್ದೆ ಇಲ್ಲ.”

ಸೋಪು ಹಚ್ಚಿ ಮೊಣಕೈ ತನಕ ತೊಳೆದೆ. ಕೋಣೆಯ ಒಳಗೆ ಹೋದೆ. ಮಗಳು ಕೂಸನ್ನು ನನ್ನ ತೋಳಿಗೆ ಇಟ್ಟು ಅಲ್ಲೇ ಒರಗಿ ನಿದ್ದೆ ಹೋದಳು. ನಾನು ಎಷ್ಟೋ ಮರಿಗಳನ್ನು ಈ ತೋಳಲ್ಲಿ ಹೊತ್ತು ಬಂದವನು. ಆದರೂ ಆ ದಿನ ಗೋಡೆಗೆ ಬೆನ್ನು ಕೊಟ್ಟು ಕೂತೇ ಹಿಡಿದುಕೊಂಡೆ. ನಮ್ಮಾಕೆ ಹುಷಾರಾಗುವ ತನಕ ಕೂಸು ನನ್ನದೇ. ತೊಟ್ಟಿಲು ತೂಗಿದೆ, ಬಟ್ಟೆ ಬದಲಾಯಿಸಿದೆ, ನನಗೆ ಬಾರದ ಜೋಗುಳವನ್ನೂ ಹಾಡಿದೆ. ಹೊಸ್ತಿಲ ಆಚೆಯಿಂದ ನಮ್ಮಾಕೆ, “ತಲೆ ಹಿಡ್ಕಳ್ರಿ, ತಲೆ” ಎಂದು ಕೂಗುತ್ತಲೇ ಇದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ ಆಟೋ ಬಂದು ನಿಂತ ಸದ್ದಾಯಿತು. ಕೂಸನ್ನು ಎತ್ತಿಕೊಂಡೇ ಬಾಗಿಲಿಗೆ ಬಂದೆ. ಅಂಗಳದ ಆಚೆ, ಬೇವಿನ ಮರದ ಬುಡದಲ್ಲಿ, ಮೆಡಿಕಲ್ ಅಕ್ಕ. ಮುಖಕ್ಕೆ ಮಾಸ್ಕು.

“ಬರ್ರಿ ಅಕ್ಕಾ, ಒಳಗೆ ಬರ್ರಿ. ಕುಂತ್ಕಳ್ರಿ.”

“ಬ್ಯಾಡ ಯಜಮಾನ್ರೆ. ನಂಗೆ ನೆಗಡಿ.”

“ಇಷ್ಟು ದೂರ ಬಂದು ಕೂಸನ್ನ ಎತ್ಕಳಲ್ವಾ?”

“ನಾಡಿದ್ದು ಹಿರಿಯೂರಿಗೆ ಹೋಗ್ತಿದೀನಿ. ಅಂಗಡಿ ಕೊಟ್ಟಾಯ್ತು. ಒಂದ್ಸಲ ನೋಡ್ಕಂಡು ಹೋಗಾಣ ಅಂತ ಬಂದೆ. ಅಲ್ಲಿಂದ್ಲೇ ತೋರಿಸ್ರಿ.”

ನಾನು ಹೊಸ್ತಿಲು ದಾಟಿ ಜಗುಲಿಯ ತುದಿಗೆ ಬಂದು ನಿಂತೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ಬಿಸಿಲು ಬೀಳದ ಹಾಗೆ ಹೆಗಲ ಟವೆಲ್ಲನ್ನು ಅಡ್ಡ ಹಿಡಿದು, ಕೂಸಿನ ಮುಖವನ್ನು ಅವರ ಕಡೆ ತಿರುಗಿಸಿದೆ. ಕೂಸು ಕಣ್ಣು ಬಿಟ್ಟುಕೊಂಡಿತ್ತು.

“ತೂಕ ಎಷ್ಟೈತೆ?”

ಮರಿಯ ತೂಕವನ್ನು ಕೈಯಲ್ಲೇ ಹೇಳುವವನು ನಾನು. ಎರಡೂ ಅಂಗೈ ಮೇಲೆ ಕೂಸನ್ನು ಸ್ವಲ್ಪ ಮೇಲಕ್ಕೆತ್ತಿ, ಇಳಿಸಿ, ಮತ್ತೆ ಎತ್ತಿದೆ. ತೂಕ ಒಂದೇ ಸಲಕ್ಕೆ ತಿಳಿದಿತ್ತು. ಸುಮ್ಮನೆ ಇನ್ನೊಂದು ಸಲ ಎತ್ತಿದೆ.

“ಸುಮಾರು ನಾಲ್ಕು ಕೆ.ಜಿ. ಅಕ್ಕಾ.”

“ಭಾರ ಆಗ್ತೈತಾ?”

ಇಲ್ಲ ಎಂದು ತಲೆಯಾಡಿಸಿದೆ. ಅವರು ಕೈಯೆತ್ತಿ ಕೂಸಿಗೆ ಟಾಟಾ ಮಾಡಿ, ಮಾಸ್ಕಿನ ಒಳಗೇ ಒಂದು ಸಲ ಸೀನಿ, ಆಟೋ ಹತ್ತಿದರು.